ತಿಂಗಳಿಗೊಂದು ಭಾನುವಾರ ಬೇಕು

ಬೇಗಂ ಬಜಾರಿನ ಗಲ್ಲಿಗಳಲ್ಲಿ ಬಾಡಿಗೆ ಕೋಣೆ ಹಿಡಿದಿರುವ ನಮ್ಮ ಕನ್ನಡದ ಮನೆಗಳ ಮಕ್ಕಳನ್ನು ನಿಮ್ಮ ನದಿ ಯಾವುದೆಂದು ಕೇಳಿ ನೋಡಿ. ಕಲಬುರಗಿ ಕಡೆಯ ಮಗು ಭೀಮಾ ಎನ್ನುತ್ತದೆ. ಬೀದರಿನ ಮಗು ಮಾಂಜ್ರಾ ಎನ್ನುತ್ತದೆ. ಉಡುಪಿ ಕಡೆಯದಾದರೆ ಸ್ವರ್ಣಾ ಎನ್ನುತ್ತದೆ. ಬೇಸಿಗೆ ರಜೆಯಲ್ಲಿ ಅಜ್ಜ ಕೈಹಿಡಿದು ತೋರಿಸಿದ ನದಿಗಳು ಇವು. ಮನೆಯ ಬಾಗಿಲಿನಿಂದ ಇಪ್ಪತ್ತು ನಿಮಿಷ ನಡೆದರೆ ಮೂಸಿ ಸಿಗುತ್ತದೆ. ಅದರ ಹೆಸರು ಮಾತ್ರ ಮಕ್ಕಳ ಬಾಯಲ್ಲಿ ಬರುವುದಿಲ್ಲ. ಬಸ್ಸಿನಲ್ಲಿ ಸೇತುವೆ ದಾಟುವಾಗ ಮೂಗು ಮುಚ್ಚಿಕೊಳ್ಳಬೇಕಾದ ಜಾಗ ಎಂದಷ್ಟೇ ಅವಕ್ಕೆ ಅದು ಗೊತ್ತು.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ತೋರಿಸಬೇಕಾದವರಿಗೆ ಬಿಡುವಿಲ್ಲ. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಲು ಹೊರಡುವ ಅಡಿಗೆಯವನಿಗೆ ಮಕ್ಕಳು ಮಲಗಿದ್ದಂತೆಯೇ ಕಾಣುತ್ತವೆ. ರಾತ್ರಿ ಹನ್ನೊಂದಕ್ಕೆ ಕೊನೆಯ ಟೇಬಲ್ ಒರೆಸಿ ಬರುವ ಸಪ್ಲಾಯರನಿಗೂ ಹಾಗೆಯೇ. ಬೇಳೆ ಮಿಲ್ಲು, ಎಣ್ಣೆ ಮಿಲ್ಲುಗಳ ನಮ್ಮ ಅಣ್ಣಂದಿರಿಗೆ ಪಾಳಿ ಬದಲಾದಂತೆ ನಿದ್ದೆಯ ಹೊತ್ತೂ ಬದಲಾಗುತ್ತದೆ. ವಾರದ ರಜೆ ಎಂಬುದು ಎಲ್ಲಿ ಸರಿಯಾಗಿ ಸಿಗುತ್ತದೆಯೋ ಅಲ್ಲಿಯೂ ಅದು ಮಂಗಳವಾರವೋ ಬುಧವಾರವೋ ಆಗಿರುತ್ತದೆ. ಅಂದು ಮಕ್ಕಳು ಶಾಲೆಯಲ್ಲಿರುತ್ತವೆ. ಭಾನುವಾರ ಮಕ್ಕಳು ಮನೆಯಲ್ಲಿರುತ್ತವೆ, ಅಪ್ಪ ಹೋಟೆಲಿನಲ್ಲಿರುತ್ತಾನೆ. ಹೀಗೆ ವರುಷಗಳು ಕಳೆಯುತ್ತವೆ. ಅಪ್ಪನಿಗೂ ರಜೆಯುಂಟು, ಮಕ್ಕಳಿಗೂ ರಜೆಯುಂಟು. ಇಬ್ಬರಿಗೂ ಸೇರಿ ಒಂದು ದಿನ ಮಾತ್ರ ಇಲ್ಲ.

ಆದುದರಿಂದ ನಮ್ಮ ಸಂಘದ ಬಂಧುಗಳ ಮುಂದೆ ನಾವು ಒಂದು ಬೇಡಿಕೆಯನ್ನೂ ಒಂದು ಸಲಹೆಯನ್ನೂ ಇಡುತ್ತೇವೆ. ದುಡಿಯುವ ಪ್ರತಿಯೊಬ್ಬನಿಗೂ ಸರದಿಯ ಮೇಲೆ ತಿಂಗಳಿಗೊಂದು ಭಾನುವಾರ ರಜೆ ಸಿಗಬೇಕು. ಅದು ನಮ್ಮ ಬೇಡಿಕೆ. ಸಿಕ್ಕ ಭಾನುವಾರವನ್ನು ಹೆಂಡತಿ ಮಕ್ಕಳೊಡನೆ ಮೂಸಿಯ ದಂಡೆಯಲ್ಲಿ, ಅದರ ಮೇಲುಗಡೆಯ ಗುಡ್ಡ ಕಾಡುಗಳಲ್ಲಿ ನಡೆದು ಕಳೆಯಬೇಕು. ಅದು ನಮ್ಮ ಸಲಹೆ.

ಸಲಹೆ ಕೇಳಿದ ಕೂಡಲೇ ಹೋಟೆಲಿನ ಗೆಳೆಯರು ನಗುತ್ತಾರೆಂದು ನಮಗೆ ಗೊತ್ತು. "ಒಲೆಯಿಂದ ಟೇಬಲಿಗೆ, ಟೇಬಲಿನಿಂದ ಒಲೆಗೆ ದಿನವೆಲ್ಲ ನಡೆದು ಕಾಲು ಬಾತಿರುತ್ತದೆ, ರಜೆಯ ದಿನವೂ ನಡೆಯಬೇಕೇ?" ಎಂದು ಕೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ನಡಿಗೆ ಗಿರಾಕಿಯ ಕೂಗಿಗೆ ನಡೆಯುವ ನಡಿಗೆ. ಕೈಯಲ್ಲಿ ತಟ್ಟೆ, ಕಣ್ಣು ಗಲ್ಲಾದ ಕಡೆ, ಕಿವಿ ಅಡಿಗೆಮನೆಯ ಕಡೆ. ಮಗುವಿನ ಬೆರಳು ಹಿಡಿದು, ಬೇಕೆಂದಲ್ಲಿ ನಿಂತು, ಮರದ ನೆರಳು ಕಂಡಲ್ಲಿ ಕೂತು ನಡೆಯುವ ನಡಿಗೆ ಬೇರೆ. ಹೊಗೆಯಲ್ಲಿ, ಹೊಟ್ಟಿನ ದೂಳಿನಲ್ಲಿ ಆರು ದಿನ ಉಸಿರಾಡಿದವನಿಗೆ ಏಳನೆಯ ದಿನ ಬಯಲಿನ ಗಾಳಿ ಬೇಕೇ ಬೇಕು.

ಇನ್ನು ಮನೆಯಾಕೆಯ ಮಾತು. ನಮ್ಮ ರಜೆಯ ದಿನ ಅವಳಿಗೆ ಕೆಲಸ ಕಡಿಮೆಯಾಗುತ್ತದೆಯೇ? ಆಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ನಾವು ಮಧ್ಯಾಹ್ನದವರೆಗೆ ಮಲಗುತ್ತೇವೆ. ಅವಳು ಗದ್ದಲ ಮಾಡಬೇಡಿರೆಂದು ಮಕ್ಕಳನ್ನು ಗದರಿಸುತ್ತ, ನಮಗಾಗಿ ಬಿಸಿಬಿಸಿ ಅಡಿಗೆ ಮಾಡುತ್ತಾಳೆ. ಊರಿಗೆಲ್ಲ ಉಪ್ಪಿಟ್ಟು ಕೆದಕುವ ಕೈ ನಮ್ಮದು. ತಿಂಗಳಿಗೊಂದು ಬೆಳಿಗ್ಗೆ ಆ ಕೈ ಮನೆಯವರಿಗಾಗಿ ನಾಲ್ಕು ರೊಟ್ಟಿ ಬಡಿದರೆ, ಚಿತ್ರಾನ್ನ ಕಲಸಿ ಬುತ್ತಿ ಕಟ್ಟಿದರೆ ಏನೂ ಸವೆಯುವುದಿಲ್ಲ. ಬುತ್ತಿ ನಾವು ಕಟ್ಟೋಣ. ಅವಳು ಚಪ್ಪಲಿ ಮೆಟ್ಟಿ ಹೊರಡಲಿ.

ಎಲ್ಲಿಗೆ ಹೋಗುವುದು? ದೂರದಿಂದ ಆರಂಭಿಸುವುದು ಬೇಡ. ಮೊದಲ ಭಾನುವಾರಕ್ಕೆ ನಮ್ಮ ಬಜಾರಿನ ಬೆನ್ನಿಗಿರುವ ದಂಡೆಯೇ ಸಾಕು. ಬಿಸಿಲೇರುವ ಮುನ್ನ ಹೊರಟು ಪುರಾನಾಪುಲ್‌ಗೆ ನಡೆಯಬೇಕು. 1578ರಲ್ಲಿ ಇಬ್ರಾಹಿಂ ಕುಲಿ ಕುತುಬ್ ಶಾಹನ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದು. ಚಾರ್ಮಿನಾರ್ ಇನ್ನೂ ಹುಟ್ಟಿರಲಿಲ್ಲ, ಹೈದರಾಬಾದ್ ನಗರವೇ ಹುಟ್ಟಿರಲಿಲ್ಲ. ಗೋಲ್ಕೊಂಡದವರು ನದಿ ದಾಟಲು ಈ ಸೇತುವೆ ಇತ್ತು. ಮಕ್ಕಳಿಗೆ ಕಮಾನುಗಳನ್ನು ಎಣಿಸಲು ಬಿಡಿ. ಅಲ್ಲಿಂದ ಆಚೆ ದಂಡೆಗಿಳಿದು ಸಿಟಿ ಕಾಲೇಜು, ಹೈಕೋರ್ಟು ದಾಟಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದವರೆಗೆ ಬರಬಹುದು. ಸಂಗ್ರಹಾಲಯ ಶುಕ್ರವಾರ ಮುಚ್ಚಿರುತ್ತದೆ, ಭಾನುವಾರ ತೆರೆದಿರುತ್ತದೆ. ಅಲ್ಲೊಂದು ಗಡಿಯಾರವುಂಟು, ಗಂಟೆಯಾದಾಗ ಒಳಗಿನಿಂದ ಪುಟ್ಟ ಗೊಂಬೆ ಬಂದು ಗಂಟೆ ಬಾರಿಸಿ ಹೋಗುತ್ತದೆ. ಅದನ್ನು ನೋಡಲು ಎಳೆಯರು ಮುದುಕರೆನ್ನದೆ ಎಲ್ಲರೂ ನೆಲದ ಮೇಲೆ ಕಾದು ಕೂರುತ್ತಾರೆ.

ಮರಳುವಾಗ ನಯಾಪುಲ್ ದಾಟಿ ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರವನ್ನು ಮಕ್ಕಳಿಗೆ ತೋರಿಸಲೇಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸುಮಾರು 15,000 ಜನರನ್ನು ಬಲಿ ತೆಗೆದುಕೊಂಡಿತು. ಆ ದಿನ ಈ ಮರವೇರಿ ಕುಳಿತ ಸುಮಾರು 150 ಮಂದಿ ಬದುಕಿದರು. ಅದರ ಮರು ವರ್ಷ, 1909ರಲ್ಲಿ, ಪ್ರವಾಹಕ್ಕೆ ಉಪಾಯ ಹುಡುಕಲು ನಿಜಾಮ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ನದಿಗೆ ಮೇಲುಗಡೆಯಲ್ಲಿ ಕಟ್ಟೆ ಕಟ್ಟಿ ನೀರು ತಡೆಯಬೇಕೆಂದು ಅವರು ಹೇಳಿದರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಈ ಊರಿನ ಕನ್ನಡದ ಮಗು ಇಷ್ಟನ್ನಾದರೂ ತಿಳಿದಿರಬೇಡವೇ? ಪರಊರಿನಲ್ಲಿ ನಾವು ಬರಿಯ ದೋಸೆ ಹುಯ್ಯಲು ಬಂದವರಲ್ಲ, ಇಲ್ಲಿಯ ನೀರು ನೆಲದಲ್ಲಿ ನಮ್ಮವರ ಬುದ್ಧಿ ಬೆವರು ಸೇರಿದೆಯೆಂದು ಅದಕ್ಕೆ ತಿಳಿಯಲಿ. ಅಲ್ಲಿಯೇ ಪಕ್ಕದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವುಂಟು. 1891ರಲ್ಲಿ ಆಸಫಿಯಾ ಎಂಬ ಹೆಸರಿನಲ್ಲಿ ಆರಂಭವಾದದ್ದು. ಅದನ್ನೂ ಹೊರಗಿನಿಂದಲಾದರೂ ತೋರಿಸಿ ಮನೆಗೆ ಬನ್ನಿರಿ. ಎಲ್ಲ ಸೇರಿ ಐದು ಕಿಲೋಮೀಟರ್ ಆದೀತು. ಐದಾರು ವಯಸ್ಸಿನ ಮಗು ನಡುನಡುವೆ ಕೂತು ಎದ್ದು ನಡೆಯುವಷ್ಟು.

ಈ ದಾರಿ ಚೊಕ್ಕವಾಗಿದೆಯೆಂದು ನಾವು ಹೇಳುವುದಿಲ್ಲ. ನದಿಯಲ್ಲಿ ಹರಿಯುವುದು ಬಹುಪಾಲು ಊರಿನ ಕೊಳೆ. ಕಾಲುದಾರಿ ಅಲ್ಲಲ್ಲಿ ಒಡೆದಿದೆ, ಅಲ್ಲಲ್ಲಿ ಇಲ್ಲವೇ ಇಲ್ಲ. ಮಕ್ಕಳ ಕೈ ಬಿಡುವಂತಿಲ್ಲ. ಮಳೆಗಾಲದಲ್ಲಿ ನದಿಯ ಪಾತ್ರಕ್ಕೆ ಇಳಿಯಲೇಬಾರದು. 2025ರ ಸೆಪ್ಟೆಂಬರಿನಲ್ಲಿ ಮೇಲಿನ ಕಟ್ಟೆಗಳ ಬಾಗಿಲು ತೆಗೆದಾಗ ನಾವು ಊರಿಗೆ ಬಸ್ಸು ಹತ್ತುವ ಇಮ್ಲಿಬನ್ ನಿಲ್ದಾಣದೊಳಕ್ಕೇ ನೀರು ನುಗ್ಗಿದ್ದನ್ನು ಮರೆಯಬಾರದು.

ಎರಡನೆಯ ಭಾನುವಾರಕ್ಕೆ ಗೋಲ್ಕೊಂಡ. ಸಿಟಿ ಬಸ್ಸಿನಲ್ಲಿ ಹೋಗಬಹುದು. ಹದಿನೈದು ವಯಸ್ಸಿನೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಕೆಳಗಿನ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಮೇಲಿನ ಬಾಲಾ ಹಿಸ್ಸಾರಿನಲ್ಲಿ ಕೇಳಿಸುವುದನ್ನು ಎಲ್ಲರೂ ಹೇಳುತ್ತಾರೆ. ಅಪ್ಪ ಕೆಳಗೆ ನಿಂತು ತಟ್ಟಬೇಕು, ಅವ್ವ ಮಕ್ಕಳು ಮೇಲೆ ನಿಂತು ಕೇಳಬೇಕು, ಆಗಲೇ ಅದರ ಮೋಜು. ಮುನ್ನೂರಕ್ಕೂ ಮೇಲ್ಪಟ್ಟು ಮೆಟ್ಟಿಲುಗಳಿವೆ. ಅವಸರವಿಲ್ಲದೆ ಹತ್ತಿದರೆ ಅಜ್ಜಿಯರೂ ಹತ್ತುತ್ತಾರೆ. 1687ರಲ್ಲಿ ಔರಂಗಜೇಬನ ಸೈನ್ಯ ಎಂಟು ತಿಂಗಳು ಮುತ್ತಿಗೆ ಹಾಕಿ ಗೆದ್ದ ಕೋಟೆ ಇದು. ರಾಜರ ಕಥೆ ಹೇಳುವಾಗ ಒಂದು ಮಾತು ಸೇರಿಸಿ ಹೇಳಿ: ಈ ಕಲ್ಲುಗಳನ್ನು ಮೇಲಕ್ಕೆ ಹೊತ್ತವರು ನಮ್ಮಂಥವರೇ ಆಗಿದ್ದರು, ಅವರ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ಕೋಟೆಯಿಳಿದು ಹತ್ತಿರದ ಕುತುಬ್ ಶಾಹಿ ಗೋರಿಗಳ ತೋಟಕ್ಕೆ ಹೋದರೆ ಬುತ್ತಿ ಬಿಚ್ಚಿ ಉಣ್ಣುವುದಕ್ಕೆ ಹತ್ತಿರದಲ್ಲೇ ಮರದ ನೆರಳು ಉಂಟು.

ಮೂರನೆಯದು ಗಂಡಿಪೇಟೆ, ಅಂದರೆ ಉಸ್ಮಾನ್ ಸಾಗರ. ಕೊಳೆಯಾಗಿ ಕಂಡ ಅದೇ ಮೂಸಿ ಇಲ್ಲಿ ಕಣ್ಣು ತುಂಬುವ ನೀರಾಗಿ ನಿಂತಿರುತ್ತದೆ. ವಿಶ್ವೇಶ್ವರಯ್ಯನವರ ಮಾತು ಇಲ್ಲಿ ಕಣ್ಣಿಗೇ ಕಾಣುತ್ತದೆ. "ಅಪ್ಪಾ, ನಮ್ಮಲ್ಲಿಗೆ ಬರುವಾಗ ನೀರು ಯಾಕೆ ಕಪ್ಪಾಗುತ್ತದೆ?" ಎಂದು ಮಗು ಕೇಳಬೇಕು. ಆ ಪ್ರಶ್ನೆ ಕೇಳುವ ಮಕ್ಕಳು ಬೆಳೆದರೆ ಆ ನೀರಿಗೆ ಒಂದು ದಿನ ಗತಿ ಕಾಣಿಸಿಯಾರು.

ನಾಲ್ಕನೆಯದು ಅನಂತಗಿರಿ, ಮೂಸಿ ಹುಟ್ಟುವ ಗುಡ್ಡ. ಇದಕ್ಕೆ ಇಡೀ ದಿನ ಬೇಕು. ನಾಂಪಲ್ಲಿಯಲ್ಲಿ ರೈಲು ಹತ್ತಿ ವಿಕಾರಾಬಾದಿನಲ್ಲಿ ಇಳಿದರೆ ಅಲ್ಲಿಂದ ಐದಾರು ಕಿಲೋಮೀಟರ್. ಅನಂತಪದ್ಮನಾಭಸ್ವಾಮಿಯ ಗುಡಿ, ಸುತ್ತ ಕಾಡು, ಕಾಡಿನೊಳಗೆ ಕಾಲುದಾರಿ. ಗುಂಪಾಗಿ ಹೋಗಬೇಕು, ಗುಡಿಯ ಸುತ್ತಿನ ದಾರಿ ಬಿಟ್ಟು ದೂರ ಹೋಗಬಾರದು, ಕತ್ತಲಾಗುವ ಮುನ್ನ ಸ್ಟೇಷನ್ನಿಗೆ ಮರಳಬೇಕು. ಇಲ್ಲಿ ಹುಟ್ಟಿದ ನೀರು ನಮ್ಮ ಬಜಾರಿನ ಬದಿಯಲ್ಲಿ ಹಾದು, ಸುಮಾರು 240 ಕಿಲೋಮೀಟರ್ ಹರಿದು, ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ಗುಡ್ಡದ ಮೇಲೆ ಕ್ಷಯರೋಗಿಗಳ ಆಸ್ಪತ್ರೆಯೂ ಉಂಟು. ಎದೆ ಕೆಟ್ಟವರನ್ನು ಗಾಳಿಗಾಗಿ ಇಲ್ಲಿಗೆ ಕಳುಹಿಸುತ್ತಿದ್ದರು. ಮಿಲ್ಲಿನ ಗೆಳೆಯರೇ, ಎದೆ ಕೆಡುವ ಮುನ್ನವೇ ಆ ಗಾಳಿ ಕುಡಿದು ಬರುವುದು ಮೇಲಲ್ಲವೇ?

ಅನಂತಗಿರಿಯ ಒಂದು ಕಥೆಯನ್ನು ಇಲ್ಲಿ ಹೇಳಬೇಕು. ಮಾಂಧಾತನ ಮಗ ಮುಚುಕುಂದ ದೇವತೆಗಳ ಪರವಾಗಿ ಬಹುಕಾಲ ಯುದ್ಧ ಮಾಡಿದ. ಕೊನೆಗೆ ದೇವತೆಗಳು ಏನು ವರ ಬೇಕೆಂದು ಕೇಳಿದರು. ದಣಿದಿದ್ದ ಮುಚುಕುಂದ ನಿದ್ದೆ ಬೇಕೆಂದ. ಗುಹೆಯೊಂದರಲ್ಲಿ ಯುಗಗಟ್ಟಲೆ ಮಲಗಿದ. ಆ ಗುಹೆ ಇದೇ ಗುಡ್ಡದಲ್ಲಿದೆಯೆಂದೂ ಅವನ ಹೆಸರಿನ ಮುಚುಕುಂದಾ ನದಿಯೇ ಮೂಸಿಯಾಯಿತೆಂದೂ ಹೇಳುತ್ತಾರೆ. ನಮ್ಮ ದುಡಿಯುವವರ ಸ್ಥಿತಿ ಇದಕ್ಕಿಂತ ಬೇರೆಯೇ? ಮೈಮುರಿಯ ದುಡಿಸಿಕೊಂಡವರು ಏನು ಬೇಕೆಂದು ಕೇಳಿದರೆ, ದಣಿದವನಿಗೆ ನಿದ್ದೆಯ ಹೊರತು ಬೇರೇನೂ ತೋಚುವುದಿಲ್ಲ. ಅವನು ಮಲಗಿದ್ದ ಕಾಲದಲ್ಲಿ ಲೋಕ ಮುಂದೆ ಹೋಯಿತು. ನಾವು ಮಲಗಿದ್ದ ರಜೆಗಳಲ್ಲಿ ನಮ್ಮ ಮಕ್ಕಳು ದೊಡ್ಡವರಾಗುತ್ತಿದ್ದಾರೆ. ನಿದ್ದೆಗೆ ಬೇರೆ ಹೊತ್ತು ಕೊಡುವ ಕೆಲಸದ ಅವಧಿ ಬೇಕು. ರಜೆಯ ದಿನ ಎಚ್ಚರವಾಗಿ ಬದುಕಲು ಬೇಕು.

"ನಮ್ಮ ಮನೆಯವರು ಊರಿನಲ್ಲಿದ್ದಾರೆ, ನಮಗೆ ಇದೆಲ್ಲ ಎಲ್ಲಿಯದು?" ಎನ್ನುವ ಗೆಳೆಯರು ಬಹಳ. ಅವರಿಗೂ ಅನಂತಗಿರಿ ಒದಗುತ್ತದೆ. ವಿಕಾರಾಬಾದ್ ಎರಡು ದಾರಿಗಳು ಕೂಡುವ ಸ್ಟೇಷನ್. ಒಂದು ದಾರಿ ತಾಂಡೂರು, ಸೇಡಂ, ಚಿತ್ತಾಪುರ, ವಾಡಿಯ ಕಡೆಗೆ. ಇನ್ನೊಂದು ಜಹೀರಾಬಾದ್, ಬೀದರಿನ ಕಡೆಗೆ. ನೀವು ಇಲ್ಲಿಂದ ಹೊರಡಿ, ಮನೆಯವರು ಅಲ್ಲಿಂದ ಹೊರಡಲಿ. ಎರಡು ದಿನದ ರಜೆ ಬೇಡದೆ, ಊರಿನವರೆಗೆ ಹೋಗಿ ಬರುವ ಖರ್ಚಿಲ್ಲದೆ, ಒಂದು ಹಗಲು ಗುಡ್ಡದ ಮೇಲೆ ಕೂಡಿ ಉಂಡು, ಸಂಜೆ ಅವರವರ ರೈಲು ಹಿಡಿಯಬಹುದು. ಆರು ತಿಂಗಳು ಮಗುವಿನ ಮುಖ ನೋಡದೆ ಫೋನಿನಲ್ಲಿ ಧ್ವನಿ ಕೇಳುವವನಿಗೆ ಇದು ಸಣ್ಣ ಸಂಗತಿಯಲ್ಲ.

ಈಗ ಬೇಡಿಕೆಯ ಮಾತಿಗೆ ಬರೋಣ. ವಾರದ ರಜೆ ಯಾರೋ ದಯೆಯಿಂದ ಕೊಟ್ಟ ಭಿಕ್ಷೆಯಲ್ಲ. ಮುಂಬಯಿಯ ಮಿಲ್ಲುಗಳಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಕಾರ್ಮಿಕರನ್ನು ಕೂಡಿಸಿ ವರ್ಷಗಳ ಕಾಲ ಹೋರಾಡಿದ ಮೇಲೆ, 1890ರ ಜೂನ್ 10ರಂದು ಭಾನುವಾರದ ರಜೆ ದೊರೆಯಿತು. ಅಂಗಡಿ, ಹೋಟೆಲು, ಥಿಯೇಟರುಗಳಲ್ಲಿ ದುಡಿಯುವವರಿಗೆ ವಾರಕ್ಕೊಂದು ಪೂರ್ಣ ದಿನ ರಜೆ ಕೊಡುವ ಬಗ್ಗೆ 1942ರಲ್ಲಿಯೇ ಕಾಯಿದೆಯಾಯಿತು. 1948ರ ಕಾರ್ಖಾನೆ ಕಾಯಿದೆ ಮಿಲ್ಲಿನವರಿಗೆ ಅದನ್ನು ಹೇಳಿತು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಅವುಗಳ ವಿಷಯದಲ್ಲಿ ಕಾರ್ಮಿಕರ ತಕರಾರುಗಳು ಅನೇಕ ಉಂಟು. ಆದರೆ ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದೆಂಬ ಮಾತು ಅವುಗಳಲ್ಲಿಯೂ ಉಳಿದಿದೆ. ಇಷ್ಟಾದರೂ ಎಷ್ಟು ಹೋಟೆಲುಗಳಲ್ಲಿ ರಜೆ ಪುಸ್ತಕದ ಮೇಲೆ ಮಾತ್ರ ಇದೆಯೆಂಬುದನ್ನು ನಾವು ನಿಮಗೆ ಹೇಳಬೇಕಾಗಿಲ್ಲ.

ಮಾಲೀಕರು ಹೇಳುವ ಅಡ್ಡಿ ಒಂದೇ: "ಭಾನುವಾರವೇ ವ್ಯಾಪಾರ, ಅಂದು ರಜೆ ಕೊಟ್ಟರೆ ಹೋಟೆಲು ಮುಚ್ಚಬೇಕಾಗುತ್ತದೆ." ಹೋಟೆಲು ಮುಚ್ಚಿರೆಂದು ನಾವು ಕೇಳುತ್ತಿಲ್ಲ. ಲೆಕ್ಕ ಹಾಕಿ ನೋಡಲಿ. ಹನ್ನೆರಡು ಮಂದಿ ದುಡಿಯುವ ಹೋಟೆಲಿನಲ್ಲಿ ಭಾನುವಾರಕ್ಕೆ ಮೂವರಂತೆ ಸರದಿ ಹಾಕಿದರೆ ನಾಲ್ಕು ಭಾನುವಾರಗಳಲ್ಲಿ ಹನ್ನೆರಡು ಮಂದಿಗೂ ಒಂದೊಂದು ದೊರೆಯುತ್ತದೆ. ಮೂವರೂ ಅಡಿಗೆಮನೆಯವರೇ ಆಗದಂತೆ, ಒಬ್ಬ ಅಡಿಗೆಯವ, ಒಬ್ಬ ಸಪ್ಲಾಯರ್, ಒಬ್ಬ ಕ್ಲೀನರ್ ಎಂದು ಹಂಚಿಕೊಂಡರಾಯಿತು. ಭಾನುವಾರ ಹೋದವನು ಆ ವಾರ ತನ್ನ ಮಂಗಳವಾರದ ರಜೆಯನ್ನು ಬಿಟ್ಟುಕೊಟ್ಟು ದುಡಿಯುತ್ತಾನೆ. ಮಾಲೀಕನಿಗೆ ಒಂದಾಳಿನ ಒಂದು ದಿನವೂ ನಷ್ಟವಿಲ್ಲ. ಅಂದು ಉಳಿದ ಒಂಬತ್ತು ಮಂದಿಗೆ ಕೆಲಸ ಸ್ವಲ್ಪ ಬಿಗಿಯಾಗುತ್ತದೆ, ನಿಜ. ಆದರೆ ಮುಂದಿನ ಸರದಿ ತಮ್ಮದೆಂದು ತಿಳಿದವರು ಅದನ್ನು ಗೊಣಗದೆ ಹೊರುತ್ತಾರೆ. ಹೋಟೆಲು ನಡೆಸುವ ನಮ್ಮ ನಾಡಿನವರಲ್ಲಿ ಅನೇಕರು ಒಂದು ಕಾಲಕ್ಕೆ ತಾವೇ ಲೋಟ ತೊಳೆದು ಮೇಲೆ ಬಂದವರು. ಈ ಸರದಿಯ ಪಟ್ಟಿಯನ್ನು ಅವರ ಮುಂದೆ ಇಟ್ಟು ಕೇಳುವುದಕ್ಕೆ ನಾವು ಅಂಜಬೇಕಾದ್ದಿಲ್ಲ.

ನಡೆಯುವ ದಾರಿಯ ವಿಷಯದಲ್ಲಿಯೂ ನಾವು ಬಾಯಿ ಬಿಡಬೇಕು. ಮೂಸಿಯ ದಂಡೆಯನ್ನು ಚಂದಗೊಳಿಸುವುದಕ್ಕೆ ಸರ್ಕಾರ 2017ರಲ್ಲಿ ಒಂದು ನಿಗಮವನ್ನೇ ಮಾಡಿತು. 2024ರಲ್ಲಿ ನದಿಯ ಪಾತ್ರದ ಮನೆಗಳಿಗೆ ಗುರುತು ಹಾಕಿ ಜನರನ್ನು ಬೇರೆಡೆಗೆ ಸಾಗಿಸಲು ಹೊರಟಾಗ ದಂಡೆಯ ಬಡವರು ಬೀದಿಗಿಳಿದು ಕೂಗಿದರು. ನದಿ ಚೊಕ್ಕವಾಗಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ದಂಡೆಯಲ್ಲಿ ಬಾಳುವವರನ್ನು ಕೇಳದೆ ಎಬ್ಬಿಸಿ, ಅಲ್ಲಿ ಕಾರಿನಲ್ಲಿ ಬರುವವರಿಗೆ ಮಾತ್ರ ಎಟಕುವ ತೋಟ ಮಾಡಿದರೆ ಅದು ಯಾರ ನದಿಯಾದೀತು? ನಮಗೆ ಬೇಕಾದ್ದು ದೊಡ್ಡದೇನಲ್ಲ. ಪುರಾನಾಪುಲ್‌ನಿಂದ ನಯಾಪುಲ್‌ವರೆಗೆ ಮಗುವನ್ನು ಕೈಬಿಟ್ಟು ನಡೆಸಬಹುದಾದ ಕಾಲುದಾರಿ, ಎರಡು ಕಡೆ ಕುಡಿಯುವ ನೀರಿನ ನಲ್ಲಿ, ಹೆಂಗಸರಿಗೆ ಶೌಚಾಲಯ, ಕೂರಲು ನೆರಳು. ಟಿಕೆಟ್ ಇಲ್ಲದೆ, ಬೀಗವಿಲ್ಲದೆ. ಇದನ್ನು ನಗರಸಭೆಗೆ ಬರೆದು ಕೇಳೋಣ.

ಇಂಥ ಬೇಡಿಕೆ ಹೊಸದಲ್ಲ, ನಾಚಿಕೆಯದಂತೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮಿಲ್ಲುಗಳ ಊರು. ಅಲ್ಲಿಯ ದುಡಿಯುವ ಯುವಕರು ಭಾನುವಾರ ಗುಡ್ಡ ಹತ್ತಲು ಹೋದರೆ, ಗುಡ್ಡಗಳೆಲ್ಲ ಜಮೀನುದಾರರ ಬೇಟೆಗೆ ಮೀಸಲಾಗಿದ್ದವು. 1932ರ ಏಪ್ರಿಲ್ 24ರಂದು ನೂರಾರು ಮಂದಿ ಕೂಡಿ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ತಡೆ ಮೀರಿ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್ ಎಂಬ ಯುವಕ. ಅವನೂ ಸೇರಿ ಐವರು ಜೈಲಿಗೆ ಹೋದರು. 1949ರಲ್ಲಿ ಆ ದೇಶ ರಾಷ್ಟ್ರೀಯ ಉದ್ಯಾನಗಳಿಗಾಗಿ, ಬಯಲಿನಲ್ಲಿ ನಡೆಯುವವರಿಗಾಗಿ ಕಾಯಿದೆ ಮಾಡಿತು. 1951ರಲ್ಲಿ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು ಅದೇ ಸೀಮೆ. ಕೂಲಿ, ಬೋನಸ್ಸುಗಳಿಗೆ ಹೋರಾಡುವವರು ಗಾಳಿ ಬೆಳಕಿಗೂ ಹೋರಾಡಿದ್ದಾರೆಂಬುದಕ್ಕೆ ಇದು ಸಾಕ್ಷಿ.

ಬಂಧುಗಳೇ, ಕೂಲಿ ಹೆಚ್ಚಬೇಕು, ಕೆಲಸದ ಅವಧಿ ಇಳಿಯಬೇಕು. ಆ ಮಾತುಗಳನ್ನು ಈ ಪತ್ರಿಕೆ ಬಿಡುವುದಿಲ್ಲ. ಆದರೆ ಹೆಚ್ಚಿದ ಕೂಲಿಯೂ ಇಳಿದ ಅವಧಿಯೂ ಯಾರಿಗಾಗಿ? ಮನೆಯಲ್ಲಿ ಕಾಯುತ್ತಿರುವವರಿಗಾಗಿಯೇ ಅಲ್ಲವೇ? ಪ್ರತಿಯೊಂದು ಹೋಟೆಲು, ಮಿಲ್ಲಿನ ಗೆಳೆಯರು ಈ ತಿಂಗಳೊಳಗೆ ತಮ್ಮ ತಮ್ಮ ಸರದಿಯ ಪಟ್ಟಿಯನ್ನು ಬರೆದು ಸಂಘದ ಕಚೇರಿಗೆ ತಲುಪಿಸಲಿ. ಪಟ್ಟಿಗಳನ್ನು ಕೂಡಿಸಿ ಮಾಲೀಕರ ಬಳಿಗೆ ಹೋಗುವ ಹೊಣೆ ಸಂಘದ್ದು. ಮೊದಲ ಭಾನುವಾರ ಸಿಕ್ಕವರು ತಡ ಮಾಡದೆ ಮಕ್ಕಳನ್ನು ಕರೆದುಕೊಂಡು ಪುರಾನಾಪುಲ್‌ಗೆ ಹೊರಡಲಿ.